ಹೊಳೆ ನಡುವೆ ಎಂಜಿನ್ ನಿಲ್ಲಬಾರದು: ಇ20 ಪೆಟ್ರೋಲ್ ಮತ್ತು ದೋಣಿ ಎಂಜಿನ್‌ನ ಆರೈಕೆ

ಕಳೆದ ವರ್ಷ ಮುಂಗಾರು ಶುರುವಾದಾಗ, ಕೊಪ್ಪಳ ಕಡೆಯ ತುಂಗಭದ್ರಾ ಹಿನ್ನೀರಿನ ದಂಡೆಯಲ್ಲಿ ನಮ್ಮ ಸೋದರಮಾವನ ದೋಣಿ ಎಂಜಿನ್ ಹಟ ಹಿಡಿದು ಕೂತಿತು. ಹಗ್ಗ ಎಳೆದೂ ಎಳೆದೂ ಮಾವನ ರಟ್ಟೆ ಸೋತವು. "ಮಾರ್ಚ್‌ನ್ಯಾಗ ಚಲೋ ಓಡಿತ್ತಲ್ಲೋ, ಈಗೇನಾತು ಇದಕ್ಕ?" ಎಂದರು. ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬೋರೇಟರ್ ಬಿಚ್ಚಿದೆವು. ಅದರಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಿನ, ಅಂದರೆ ಬೌಲ್‌ನ ತಳದಲ್ಲಿ ಕಂದು ಬಣ್ಣದ ಅಂಟು. ಅಲ್ಯೂಮಿನಿಯಂ ಮೇಲೆ ಸುಣ್ಣದ ಹಾಗೆ ಬಿಳಿ ಪುಡಿ. ಕ್ಯಾನಿನಲ್ಲಿ ಉಳಿದಿದ್ದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಸುರಿದು ಇಟ್ಟೆವು. ಸ್ವಲ್ಪ ಹೊತ್ತಿಗೆ ಕೆಳಗೊಂದು ಪದರ, ಮೇಲೊಂದು ಪದರ ಕಾಣಿಸಿತು.

ಬಂಕಿನವರು ನೀರು ಬೆರೆಸಿ ಕೊಟ್ಟಿದ್ದಾರೆ ಎಂದು ಮಾವ ಸಿಟ್ಟಾದರು. ಆದರೆ ಮಾರ್ಚ್‌ನಲ್ಲಿ ಅದೇ ಪೆಟ್ರೋಲ್‌ನಲ್ಲಿ ಎಂಜಿನ್ ಓಡಿತ್ತು. ಆಮೇಲೆ ಹಿನ್ನೀರು ಹಿಂದೆ ಸರಿಯಿತು, ದೋಣಿ ದಂಡೆ ಹತ್ತಿತು. ಕ್ಯಾನು ಬಿಸಿಲಲ್ಲಿ ನಿಂತಿತು. ಮುಚ್ಚಳದ ವಾಷರ್ ಹರಿದಿತ್ತು, ಮೊದಲ ಮಳೆಯ ನೀರು ಒಳಗೆ ಇಳಿಯಿತು. ಈಗಿನ ಪೆಟ್ರೋಲ್‌ನಿಂದ ಓಡುತ್ತಿರುವ ಎಂಜಿನ್‌ಗಿಂತ ನಿಂತ ಎಂಜಿನ್‌ಗೇ ತೊಂದರೆ ಜಾಸ್ತಿ. ನಮ್ಮ ಕಡೆಯ ದೋಣಿಗಳು ವರ್ಷದಲ್ಲಿ ಎಷ್ಟೋ ತಿಂಗಳು ನಿಂತೇ ಇರುತ್ತವೆ, ಅಲ್ವಾ? ಅದಕ್ಕೇ ಈ ಲೇಖನ.

ಪೆಟ್ರೋಲ್ ಬದಲಾಗಿದೆ

ಎಥೆನಾಲ್ ಎಂದರೆ ಆಲ್ಕೋಹಾಲ್. ಕಬ್ಬಿನ ಹಾಲು, ಕಾಕಂಬಿ, ಮೆಕ್ಕೆಜೋಳ, ನುಚ್ಚಕ್ಕಿಯಿಂದ ಅದನ್ನು ತಯಾರಿಸುತ್ತಾರೆ. 2022ರ ಜೂನ್ ಹೊತ್ತಿಗೆ ನಮ್ಮ ದೇಶದ ಪೆಟ್ರೋಲ್‌ನಲ್ಲಿ ಶೇ 10ರಷ್ಟು ಎಥೆನಾಲ್ ಸೇರಿತ್ತು. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಇ20, ಅಂದರೆ ಶೇ 20ರ ಪೆಟ್ರೋಲ್ ಬಿಡುಗಡೆಯಾಯಿತು. ಶೇ 20ರ ಗುರಿ ಮೊದಲು 2030ಕ್ಕೆ ಇತ್ತು, ಅದನ್ನು 2025ಕ್ಕೆ ತಂದರು. ಈಗ ಬಂಕಿನಲ್ಲಿ ಸುಮ್ನೆ "ಪೆಟ್ರೋಲ್ ಹಾಕಿ" ಎಂದರೆ ಸಿಗುವುದು ಸಾಮಾನ್ಯವಾಗಿ ಇದೇ. ಮೆಕ್ಕೆಜೋಳ, ಕಬ್ಬು ಬೆಳೆಯುವ ನಮ್ಮ ರೈತರಿಗೆ ಇದರಿಂದ ಒಂದು ಮಾರುಕಟ್ಟೆ ಸಿಕ್ಕಿದೆ. ಅದು ಒಳ್ಳೆಯದೇ. ಆದರೆ ದೋಣಿ ಎಂಜಿನ್‌ನ ಲೆಕ್ಕ ಬೇರೆ.

ಎಥೆನಾಲ್‌ಗೆ ನೀರೆಂದರೆ ಬಲು ಸ್ನೇಹ. ಬರೀ ಪೆಟ್ರೋಲ್‌ಗೆ ನೀರು ಬಿದ್ದರೆ ಅದು ತಳದಲ್ಲಿ ಗುಳ್ಳೆಯಾಗಿ ಕೂರುತ್ತದೆ, ಬಸಿದು ಹೊರಗೆ ಹಾಕಬಹುದು. ಎಥೆನಾಲ್ ಇದ್ದರೆ ನೀರು ಪೆಟ್ರೋಲ್‌ನಲ್ಲೇ ಕರಗಿ ನಿಲ್ಲುತ್ತದೆ. ಶೇ 10ರ ಪೆಟ್ರೋಲ್ ಲೀಟರಿಗೆ ಸುಮಾರು ಒಂದು ಚಮಚ, ಅಂದರೆ 5 ಮಿಲಿ ನೀರನ್ನು ಹೀಗೆ ಹಿಡಿದಿಟ್ಟುಕೊಳ್ಳುತ್ತದೆ. ಶೇ 20ರದ್ದು ಇನ್ನೂ ಜಾಸ್ತಿ ಹಿಡಿಯುತ್ತದೆ. ಮಿತಿ ದಾಟಿತೋ, ಎಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಹೋಗಿ ತಳದಲ್ಲಿ ಕೂರುತ್ತದೆ. ಮಾವನ ಬಾಟಲಿಯಲ್ಲಿ ಕಂಡದ್ದು ಅದೇ. 20 ಲೀಟರ್ ಇ20ರಲ್ಲಿ 4 ಲೀಟರ್ ಎಥೆನಾಲ್ ಇರುತ್ತದೆ. ಅದರಲ್ಲಿ ಬಹುಪಾಲು ಕೆಳಗಿಳಿದರೆ ತಳದ ಪದರ ಎಷ್ಟು ದಪ್ಪ ಆಗಬಹುದು, ಯೋಚಿಸಿ. ಎಂಜಿನ್‌ಗೆ ಪೆಟ್ರೋಲ್ ಎಳೆಯುವ ಪೈಪು ಇರುವುದೂ ತಳದಲ್ಲೇ.

ಟೂ ಸ್ಟ್ರೋಕ್ ಎಂಜಿನ್‌ಗೆ ಇದು ಪ್ರಾಣಕ್ಕೇ ಬರುತ್ತದೆ. ಅದರಲ್ಲಿ ಆಯಿಲ್ ಬೆರೆತಿರುವುದು ಪೆಟ್ರೋಲ್‌ಗೆ. ಪದರ ಬೇರೆಯಾದಾಗ ಆಯಿಲ್ ಮೇಲಿನ ಪೆಟ್ರೋಲ್‌ನಲ್ಲೇ ಉಳಿಯುತ್ತದೆ. ತಳದ ನೀರು-ಎಥೆನಾಲ್‌ನಲ್ಲಿ ಆಯಿಲ್ ಇಲ್ಲವೆಂದೇ ಹೇಳಬೇಕು. ಅದು ಒಳಗೆ ಹೋದರೆ ಪಿಸ್ಟನ್ ಒಣಗಿ ಉಜ್ಜುತ್ತದೆ, ಸೀಜ್ ಆಗುತ್ತದೆ, ಅಂದರೆ ಸಿಕ್ಕಿಕೊಂಡು ನಿಂತುಬಿಡುತ್ತದೆ. ರಿಪೇರಿ ಖರ್ಚು ಒಂದು ಕಡೆ, ಮಳೆಗಾಲದ ಕೃಷ್ಣೆಯ ಸೆಳವಿನಲ್ಲಿ ಹಾಗೆ ಆದರೆ ಗತಿ ಏನು?

ಮೊದಲು ಗಾಜಿನ ಪರೀಕ್ಷೆ

ಪ್ರೀಮಿಯಂ ಪೆಟ್ರೋಲ್ ಎಂದು ಜಾಸ್ತಿ ದುಡ್ಡು ಕೊಟ್ಟ ಮಾತ್ರಕ್ಕೆ ಎಥೆನಾಲ್ ಇಲ್ಲ ಎಂದು ನಂಬಬೇಡಿ. ನೀವೇ ನೋಡಿ. 100 ಮಿಲಿ ಗುರುತಿರುವ ಗಾಜಿನ ಅಳತೆ ಕೊಳವೆ ತನ್ನಿ. ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. 10ರ ಗೆರೆವರೆಗೆ ನೀರು ಹಾಕಿ. ಮೇಲೆ 100ರ ಗೆರೆವರೆಗೆ ಪೆಟ್ರೋಲ್. ಬಾಯಿ ಮುಚ್ಚಿ ಚೆನ್ನಾಗಿ ಕುಲುಕಿ, ಮುಚ್ಚಳ ಒಮ್ಮೆ ಸಡಿಲಿಸಿ ಗಾಳಿ ಬಿಡಿ, ಹತ್ತು ನಿಮಿಷ ಇಡಿ. ಎಥೆನಾಲ್ ಇಲ್ಲದಿದ್ದರೆ ನೀರಿನ ಗೆರೆ 10ರಲ್ಲೇ ಇರುತ್ತದೆ. ಶೇ 10 ಇದ್ದರೆ 19ರ ಹತ್ತಿರ ಏರುತ್ತದೆ, ಶೇ 20 ಇದ್ದರೆ 28ರ ಆಸುಪಾಸು. ಬಯಲಲ್ಲಿ ಮಾಡಿ. ಹತ್ತಿರ ಬೀಡಿ, ಒಲೆ, ಫೋನ್ ಚಾರ್ಜರ್ ಯಾವುದೂ ಬೇಡ.

ಕೆಲವರು ಇದನ್ನೇ ದೊಡ್ಡದಾಗಿ ಮಾಡುತ್ತಾರೆ. ಕ್ಯಾನಿಗೆ ನೀರು ಹಾಕಿ ಕುಲುಕಿ, ಎಥೆನಾಲ್ ತೆಗೆದು, ಮೇಲಿನ ಪೆಟ್ರೋಲ್ ಬಳಸುತ್ತಾರೆ. ದಯವಿಟ್ಟು ಬೇಡ. ಎಥೆನಾಲ್ ಪೆಟ್ರೋಲ್‌ನ ಆಕ್ಟೇನ್, ಅಂದರೆ ಹೊತ್ತಿಗೆ ಮುಂಚೆ ತಾನಾಗಿ ಸಿಡಿಯದ ಗುಣವನ್ನು ಹೆಚ್ಚಿಸಿರುತ್ತದೆ. ಅದು ಹೋದರೆ ಉಳಿದ ಪೆಟ್ರೋಲ್‌ಗೆ ಎಂಜಿನ್ ಒಳಗೆ ಬಡಿದ ಹಾಗೆ ಸದ್ದು ಮಾಡಿ ನಾಕ್ ಹೊಡೆಯಬಹುದು. ಮನೆಯಂಗಳದಲ್ಲಿ ಅಷ್ಟು ಪೆಟ್ರೋಲ್ ಕುಲುಕುವುದು ಬೆಂಕಿಗೆ ಆಹ್ವಾನ ಕೊಟ್ಟ ಹಾಗೆ.

ಎಂಜಿನ್‌ನ ಪುಸ್ತಕ ತೆಗೆದು ಓದಿ

ಹೆಚ್ಚಿನ ದೋಣಿ ಎಂಜಿನ್ ಕಂಪನಿಗಳು ಎಥೆನಾಲ್ ಶೇ 10 ದಾಟಬಾರದು ಎಂದು ಬರೆದಿರುತ್ತವೆ. ಅಮೆರಿಕದಲ್ಲಿ ಶೇ 15ರ ಪೆಟ್ರೋಲನ್ನೂ ದೋಣಿಗೆ ಹಾಕುವಂತಿಲ್ಲ. ಪಂಪಿನ ಮೇಲೆಯೇ ಆ ಎಚ್ಚರಿಕೆಯ ಚೀಟಿ ಅಂಟಿಸಿರುತ್ತಾರೆ. ನಮ್ಮಲ್ಲಿ ಸಿಗುವುದು ಶೇ 20ರದ್ದು. ಹಾಗಾಗಿ ಎಂಜಿನ್‌ನ ಮಾಡೆಲ್ ನಂಬರ್ ಬರೆದುಕೊಂಡು ಡೀಲರ್ ಹತ್ತಿರ ನೇರವಾಗಿ ಕೇಳಿ: "ಇದು ಇ20ಗೆ ಆಗುತ್ತದಾ? ಆಗದಿದ್ದರೆ ಯಾವ ಭಾಗ ಬದಲಿಸಬೇಕು?" ಉತ್ತರವನ್ನು ಬರೆಸಿಕೊಳ್ಳಿ. ವಾರಂಟಿ ಇದ್ದರಂತೂ ಇದನ್ನು ಬಿಡಲೇಬೇಡಿ.

ಇನ್ನೊಂದು ಮಾತು. ಎಥೆನಾಲ್‌ಗೆ ಉರಿಯಲು ಪೆಟ್ರೋಲ್‌ನಷ್ಟು ಗಾಳಿ ಬೇಡ. ಒಂದು ಕೆಜಿ ಪೆಟ್ರೋಲ್‌ಗೆ ಸುಮಾರು 14.7 ಕೆಜಿ ಗಾಳಿ ಬೇಕು, ಒಂದು ಕೆಜಿ ಎಥೆನಾಲ್‌ಗೆ 9 ಕೆಜಿ ಸಾಕು. ಹಳೆ ಕಾರ್ಬೋರೇಟರ್‌ಗೆ ಇದು ಗೊತ್ತಾಗುವುದಿಲ್ಲ. ಅದು ಮೊದಲಿನಷ್ಟೇ ಗಾಳಿ ಬಿಡುತ್ತದೆ, ಆಗ ಎಂಜಿನ್‌ಗೆ ಇಂಧನ ಸಾಲದಂತಾಗಿ ಅದು ಬಿಸಿಯಾಗುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ತುದಿ ತಿಳಿ ಕಂದು ಬಣ್ಣ ಇದ್ದರೆ ಸರಿ. ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ, ಪೆಟ್ರೋಲ್ ಹಾಯುವ ಸಣ್ಣ ತೂತನ್ನು, ಅಂದರೆ ಜೆಟ್ಟನ್ನು ದೊಡ್ಡದು ಮಾಡಬೇಕಾ ಎಂದು ಕೇಳಿ. ಎಥೆನಾಲ್‌ನಲ್ಲಿ ಕಸುವು ಕಡಿಮೆ. ಅದೇ ದೂರಕ್ಕೆ ಇ20 ಸುಮಾರು ಶೇ 6-7ರಷ್ಟು ಜಾಸ್ತಿ ಬೇಕಾಗಬಹುದು. ಆಚೆ ದಡಕ್ಕೆ ಹೋಗಿ ಬರಲು ಮೊದಲು ಎಷ್ಟು ಒಯ್ಯುತ್ತಿದ್ದಿರೋ ಅದಕ್ಕಿಂತ ಸ್ವಲ್ಪ ಹೆಚ್ಚೇ ಇರಲಿ.

ಪೈಪು, ಟ್ಯಾಂಕು, ಫಿಲ್ಟರ್

ಪೈಪುಗಳನ್ನು ಬಗ್ಗಿಸಿ ನೋಡಿ. ಬಿರುಕು, ಅಂಟಂಟು, ಊದಿಕೊಂಡ ಜಾಗ, ಗಟ್ಟಿಯಾದ ಜಾಗ ಕಂಡರೆ ಬದಲಿಸಿ. ಹಳೆ ರಬ್ಬರನ್ನು ಎಥೆನಾಲ್ ಹಾಳು ಮಾಡುತ್ತದೆ. ಟ್ಯಾಂಕಿನಿಂದ ಎಂಜಿನ್‌ಗೆ ಪೆಟ್ರೋಲ್ ಒತ್ತುವ ರಬ್ಬರ್ ಉಂಡೆಯನ್ನೂ ಮರೆಯಬೇಡಿ. ಅದನ್ನು ಹಿಂಡಿದಾಗ ಗಟ್ಟಿಯಾಗಿ ನಿಲ್ಲಬೇಕು, ಮೆತ್ತಗೆ ಕುಸಿದರೆ ಒಳಗಿನ ವಾಲ್ವ್ ಹೋಗಿದೆ. ಎಥೆನಾಲ್ ತಡೆಯುವ ಪೈಪು ಎಂದು ಕೇಳಿ ತೆಗೆದುಕೊಳ್ಳಿ. ತೋಟಕ್ಕೆ ನೀರು ಬಿಡುವ ಪ್ಲಾಸ್ಟಿಕ್ ಪೈಪು ಕತ್ತರಿಸಿ ಜೋಡಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ದೋಣಿಯಲ್ಲಿ ಬೆಂಕಿ ಇಟ್ಟುಕೊಂಡ ಹಾಗೆ.

ಹಳೆ ಟ್ಯಾಂಕಿಗೆ ಮೊದಲ ಸಲ ಇ20 ಹಾಕುವ ಮುಂಚೆ ಟ್ಯಾಂಕು ಬಿಚ್ಚಿ ತೊಳೆಯಿರಿ. ವರ್ಷಗಟ್ಟಲೆ ಗೋಡೆಗೆ ಅಂಟಿದ ಗೋಂದಿನಂಥ ಕೊಳೆಯನ್ನು ಎಥೆನಾಲ್ ಕರಗಿಸಿ ಸಡಿಲಿಸುತ್ತದೆ. ಆ ಕೊಳೆ ಹೋಗಿ ಕೂರುವುದು ಫಿಲ್ಟರ್‌ನಲ್ಲಿ, ಜೆಟ್‌ನಲ್ಲಿ. ತೊಳೆದ ಮೇಲೂ ಮೊದಲ ಎರಡು ಮೂರು ಟ್ಯಾಂಕ್ ಖರ್ಚಾಗುವವರೆಗೆ ಒಂದು ಹೊಸ ಫಿಲ್ಟರ್ ಜೇಬಲ್ಲಿರಲಿ. ಟ್ಯಾಂಕು ಫೈಬರ್‌ನದ್ದು, ತುಂಬ ಹಳೆಯದು ಎಂದಾದರೆ ಬದಲಿಸುವುದೇ ಮೇಲು. ಎಥೆನಾಲ್ ಅದರ ರಾಳವನ್ನೇ ಕರಗಿಸುತ್ತದೆ, ಆ ಅಂಟು ವಾಲ್ವಿಗೆ ಮೆತ್ತಿಕೊಳ್ಳುತ್ತದೆ.

ನೀರು ಬೇರ್ಪಡಿಸುವ ಫಿಲ್ಟರ್ ಒಂದನ್ನು ಟ್ಯಾಂಕಿಗೂ ಎಂಜಿನ್‌ಗೂ ನಡುವೆ ಹಾಕಿಸಿ. 10 ಮೈಕ್ರಾನ್‌ನದ್ದು, ಕೆಳಗೆ ಪಾರದರ್ಶಕ ಬಟ್ಟಲಿರುವುದು ಸಿಕ್ಕರೆ ಬಹಳ ಒಳ್ಳೆಯದು. ದೋಣಿ ಬಿಡುವ ಮುಂಚೆ ಬಟ್ಟಲ ಕಡೆ ಒಮ್ಮೆ ಕಣ್ಣು ಹಾಯಿಸಿದರೆ ಸಾಕು. ಆದರೆ ಒಂದು ತಿಳಿದಿರಲಿ: ಇದು ಬಿಡಿಬಿಡಿಯಾದ ನೀರನ್ನು ಹಿಡಿಯುತ್ತದೆ. ಪೆಟ್ರೋಲ್‌ನಲ್ಲಿ ಕರಗಿ ಹೋದ ನೀರನ್ನು ಹಿಡಿಯಲಾರದು.

ತರುವುದು, ಬೆರೆಸುವುದು

ಗಿರಾಕಿ ಜಾಸ್ತಿ ಇರುವ ಬಂಕಿಗೆ ಹೋಗಿ, ಅಲ್ಲಿ ಪೆಟ್ರೋಲ್ ಹಳೆಯದಾಗುವುದಿಲ್ಲ. ಹದಿನೈದು ದಿನಕ್ಕೆ ಬೇಕಾದಷ್ಟೇ ತನ್ನಿ. ಕಲಬೆರಕೆಯ ಅನುಮಾನ ಬಂದರೆ, ಕಾಗದದ ಮೇಲೆ ಹನಿ ಬಿಟ್ಟು ಕಲೆ ಉಳಿಯುತ್ತದಾ ಎಂದು ನೋಡುವ ಫಿಲ್ಟರ್ ಪೇಪರ್ ಪರೀಕ್ಷೆ ಕೇಳುವ ಹಕ್ಕು ನಿಮಗಿದೆ. ನೀರಿನ ಬಾಟಲಿಯಲ್ಲಿ ಪೆಟ್ರೋಲ್ ಬೇಡ, ಪೆಟ್ರೋಲ್‌ಗೆಂದೇ ಇರುವ ಕ್ಯಾನು ಬಳಸಿ. ತುಂಬಿಸುವಾಗ ಕ್ಯಾನನ್ನು ನೆಲದ ಮೇಲಿಡಿ.

ಟೂ ಸ್ಟ್ರೋಕ್‌ಗೆ ಪುಸ್ತಕದಲ್ಲಿ 50:1 ಎಂದಿದ್ದರೆ ಲೀಟರಿಗೆ 20 ಮಿಲಿ, 10 ಲೀಟರಿಗೆ 200 ಮಿಲಿ ಆಯಿಲ್. ಅಂದಾಜು ಬೇಡ, ಅಳತೆ ಮಾಡಿ. ಹೊಸ ಎಂಜಿನ್‌ಗೆ ಮೊದಮೊದಲು ಆಯಿಲ್ ಜಾಸ್ತಿ ಹೇಳಿರುತ್ತಾರೆ. ಬೈಕಿನ ಟೂಟಿ ಆಯಿಲ್ ದೋಣಿಗೆ ಆಗುವುದಿಲ್ಲ. ನೀರಿನಿಂದ ತಣ್ಣಗಾಗುವ ಎಂಜಿನ್‌ಗೆ ಡಬ್ಬಿಯ ಮೇಲೆ ಟಿಸಿ-ಡಬ್ಲ್ಯು3 ಎಂದು ಬರೆದಿರುವ ಆಯಿಲ್ಲೇ ಬೇಕು.

ದೋಣಿ ದಂಡೆ ಹತ್ತಿದ ಮೇಲೆ

ಈ ಲೇಖನದಲ್ಲಿ ಒಂದೇ ಒಂದು ಭಾಗ ನೆನಪಿಡುವುದಾದರೆ ಇದನ್ನು ನೆನಪಿಡಿ. ಮೂರು ನಾಲ್ಕು ವಾರಕ್ಕಿಂತ ಜಾಸ್ತಿ ಎಂಜಿನ್ ನಿಲ್ಲಿಸುತ್ತೀರಿ ಎಂದಾದರೆ ಪೆಟ್ರೋಲನ್ನು ಒಳಗೆ ಬಿಡಬೇಡಿ.

ಎಂಜಿನ್‌ನ ಕೆಳಭಾಗ ನೀರಿನಲ್ಲಿ ಮುಳುಗಿರುವಾಗಲೇ ಟ್ಯಾಂಕಿನ ಪೈಪು ಕಳಚಿ. ಎಂಜಿನ್ ನಿಧಾನಕ್ಕೆ ಓಡಲಿ, ಕಾರ್ಬೋರೇಟರ್‌ನಲ್ಲಿದ್ದುದು ಖಾಲಿಯಾಗಿ ತಾನೇ ನಿಲ್ಲಲಿ. ಆಮೇಲೆ ಬೌಲ್‌ನ ಕೆಳಗಿನ ಸ್ಕ್ರೂ ಬಿಚ್ಚಿ ಉಳಿದ ಹನಿಗಳನ್ನೂ ಬಸಿಯಿರಿ. ಬಿಳಿ ಪುಡಿ, ಕಂದು ಅಂಟು ಹುಟ್ಟುವುದು ಆ ನಾಲ್ಕು ಹನಿಯಿಂದಲೇ. ಕ್ಯಾನಿನ ಪೆಟ್ರೋಲನ್ನೂ ಖಾಲಿ ಮಾಡಿ. ಆಯಿಲ್ ಬೆರೆಸದ ತಾಜಾ ಪೆಟ್ರೋಲ್ ಆದರೆ ಬೈಕಿಗೆ ಹಾಕಿ ಓಡಿಸಿಬಿಡಿ. ಕೀಲಿ ತಿರುಗಿಸಿ ಸ್ಟಾರ್ಟ್ ಮಾಡುವ ಎಂಜಿನ್ ಆದರೆ ಈ ಕೆಲಸವನ್ನು ಪುಸ್ತಕದಲ್ಲಿ ಹೇಳಿದಂತೆ ಮಾಡಿ, ಪೆಟ್ರೋಲ್ ಇಂಜೆಕ್ಷನ್ ಇರುವ ಎಂಜಿನ್‌ಗಳ ಕ್ರಮ ಬೇರೆ.

ಸ್ಟೆಬಿಲೈಸರ್ ಎಂಬ ದ್ರವ ಸಿಗುತ್ತದೆ. ತಾಜಾ ಪೆಟ್ರೋಲ್‌ಗೆ ಹಾಕಿದರೆ ಅದು ಬೇಗ ಹಳಸುವುದಿಲ್ಲ. ಈಗಾಗಲೇ ಎರಡು ಪದರವಾದ ಪೆಟ್ರೋಲನ್ನು ಮಾತ್ರ ಅದು ಸರಿ ಮಾಡುವುದಿಲ್ಲ. ಅಂಥ ಪೆಟ್ರೋಲನ್ನು ಕುಲುಕಿ ಬಳಸುವುದು ತಪ್ಪು, ಮೇಲಿನದನ್ನು ಬಗ್ಗಿಸಿಕೊಂಡು ಬಳಸುವುದೂ ತಪ್ಪು. ಮುಚ್ಚಳವಿರುವ ಬೇರೆ ಕ್ಯಾನಿನಲ್ಲಿ ಹಾಕಿ, ಮೇಲೆ "ಕೆಟ್ಟ ಪೆಟ್ರೋಲ್" ಎಂದು ಬರೆದು, ವಿಲೇವಾರಿ ಗೊತ್ತಿರುವ ಗ್ಯಾರೇಜಿಗೆ ಕೊಡಿ. ಹೊಳೆಗೆ ಸುರಿಯಬೇಡಿ. ಅದೇ ನೀರನ್ನು ನಾವು ಕುಡಿಯುತ್ತೇವೆ, ಅದೇ ಮೀನನ್ನು ತಿನ್ನುತ್ತೇವೆ.

ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆಯ ಭತ್ತದ ರೈತರಿಗೂ ಇದೇ ಮಾತು. ನಿಮ್ಮ ಪೆಟ್ರೋಲ್ ಸ್ಪ್ರೇಯರ್, ಕಳೆ ಕತ್ತರಿಸುವ ಯಂತ್ರವೂ ಹಂಗಾಮು ಮುಗಿದ ಮೇಲೆ ಮೂಲೆ ಸೇರುತ್ತವೆ. ಮುಂದಿನ ಹಂಗಾಮಿಗೆ ಸ್ಟಾರ್ಟ್ ಆಗದಿದ್ದರೆ ಕಾರಣ ಬಹುಪಾಲು ಬೌಲ್‌ನಲ್ಲಿ ಉಳಿದ ಪೆಟ್ರೋಲ್.

ನೆರೆಗೆ ಕಾದು ನಿಲ್ಲುವ ದೋಣಿ

ಇದು ನನ್ನ ಮನಸ್ಸಿಗೆ ಹತ್ತಿರದ ವಿಷಯ. ರಾಯಚೂರು ಎಡೆದೊರೆ ನಾಡು. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ. 2009ರಲ್ಲಿ, 2019ರಲ್ಲಿ ನೆರೆ ಬಂದಾಗ ನಾವು ಕಂಡಿದ್ದೇವೆ. ಕೃಷ್ಣೆಯ ನಡುಗಡ್ಡೆಗಳ ದಾರಿ ಮುಚ್ಚಿತು. 2019ರ ಆಗಸ್ಟ್‌ನಲ್ಲಿ ಆನೆಗೊಂದಿ ಹತ್ತಿರದ ವಿರೂಪಾಪುರ ಗಡ್ಡೆಯಲ್ಲಿ ಪ್ರವಾಸಿಗರು ಸಿಕ್ಕಿಹಾಕಿಕೊಂಡರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟ್ ಕಿತ್ತುಹೋದಾಗ ಕೆಳಗಿನ ಊರುಗಳೆಲ್ಲ ಉಸಿರು ಬಿಗಿಹಿಡಿದವು. ಅಂಥ ದಿನ ಕರೆಯುವ ದೋಣಿಯ ಎಂಜಿನ್ ಅದಕ್ಕೂ ಮುಂಚೆ ಎಷ್ಟೋ ತಿಂಗಳು ನಿಂತೇ ಇರುತ್ತದೆ. ಅದು ಮೊದಲ ಎಳೆತಕ್ಕೇ ಏಳಬೇಕು.

ಹಾಗಾಗಿ ಊರಿನ, ಪಂಚಾಯಿತಿಯ, ಸಂಘದ ದೋಣಿ ನೋಡಿಕೊಳ್ಳುವವರಿಗೆ ನನ್ನ ಕೋರಿಕೆ: ಅದನ್ನು ಖಾಲಿ ಟ್ಯಾಂಕಿನಲ್ಲೇ ಇಡಿ, ಮೇ ಕೊನೆಗೆ ತಾಜಾ ಪೆಟ್ರೋಲ್ ತನ್ನಿ. ಮಳೆಗಾಲ ಮುಗಿಯುವವರೆಗೆ ತಿಂಗಳಿಗೆ ಎರಡು ಸಲ ಎಂಜಿನ್ ಓಡಿಸಿ. ಹೊಳೆಗೆ ಇಳಿಸಲು ಆಗದಿದ್ದರೆ ದೊಡ್ಡ ಡ್ರಮ್ಮಿಗೆ ನೀರು ತುಂಬಿ, ಎಂಜಿನ್‌ನ ಕೆಳಭಾಗ ಅದರಲ್ಲಿ ಮುಳುಗಿಸಿ ಹತ್ತು ನಿಮಿಷ ಓಡಿಸಿ. ನೀರಿಲ್ಲದೆ ಒಂದು ನಿಮಿಷವೂ ಬೇಡ, ತಣ್ಣೀರು ಎಳೆಯುವ ರಬ್ಬರ್ ಚಕ್ರ ಸುಟ್ಟುಹೋಗುತ್ತದೆ. ಉಳಿದ ಪೆಟ್ರೋಲನ್ನು ತಿಂಗಳಿಗೊಮ್ಮೆ ಬದಲಿಸಿ. ದೋಣಿಯಲ್ಲಿ ಒಂದು ಫಿಲ್ಟರ್, ಎರಡು ಪ್ಲಗ್, ಪ್ಲಗ್ ಪಾನ, ಲೈಫ್ ಜಾಕೆಟ್‌ಗಳು ಮತ್ತು ಎರಡು ಹುಟ್ಟು ಯಾವಾಗಲೂ ಇರಲಿ.

ಮಾವನ ಎಂಜಿನ್ ಆಮೇಲೆ ಸರಿಯಾಯಿತು. ಎರಡು ದಿನದ ಕೆಲಸ, ಹೊಸ ಪೈಪು, ಹೊಸ ಗ್ಯಾಸ್ಕೆಟ್. ಕ್ಯಾನಿಗೆ ಹೊಸ ವಾಷರ್ ಹಾಕಿದ್ದಾರೆ. ಪೆಟ್ರೋಲ್ ತಂದ ದಿನವನ್ನು ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತಾರೆ.