ಕಳ್ಳರ ಗುಟ್ಟಿನ ಪದಪಟ್ಟಿಯನ್ನು ಓದುವ ಬಗೆ

ನಮ್ಮಪ್ಪ ಹಾವೇರಿ ದನದ ಸಂತೆಯಲ್ಲಿ ದಲ್ಲಾಳಿ. ಎತ್ತಿನ ಬೆಲೆಯನ್ನು ಅವರು ಬಾಯಿಬಿಟ್ಟು ಹೇಳಿದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ಹೆಗಲ ಮೇಲಿನ ಟವೆಲ್ಲನ್ನು ಕೈಗೆ ಹೊದಿಸಿ, ಅದರ ಮರೆಯಲ್ಲಿ ಕೊಳ್ಳುವವನ ಬೆರಳು ಹಿಡಿದು ಅಮುಕುತ್ತಿದ್ದರು. ಸುತ್ತ ನಿಂತವರಿಗೆ ಏನೂ ತಿಳಿಯುತ್ತಿರಲಿಲ್ಲ. ಊರಿಗೆ ಹೊಸದಾಗಿ ಬಂದ ಮಾಸ್ತರೊಬ್ಬರು ಅದನ್ನು ನೋಡಿ “ಇದೆಲ್ಲ ಕಳ್ಳರ ವ್ಯವಹಾರ” ಅಂದರು. ಐವತ್ತು ವರ್ಷವಾದರೂ ಆ ಮಾತು ನನಗೆ ಚುಚ್ಚುತ್ತದೆ.

ಮುಂದೆ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಕಾಲಕ್ಕೆ ಹದಿನಾರನೇ ಶತಮಾನದ ಇಂಗ್ಲೆಂಡಿನ ಕಳ್ಳರ, ಭಿಕ್ಷುಕರ ಗುಪ್ತಭಾಷೆಯ ಪಟ್ಟಿ ಕೈಗೆ ಸಿಕ್ಕಿತು. ಆ ಭಾಷೆಗೆ ಕ್ಯಾಂಟ್ ಎಂದು ಹೆಸರು. ನಾಟಕ ಬರೆಯುವ ಹುಡುಗರು, ಸಂಶೋಧನೆ ಮಾಡುವ ಹುಡುಗಿಯರು ಇಂಥ ಪಟ್ಟಿ ಹಿಡಿದು ಮನೆಗೆ ಬರುತ್ತಾರೆ. ಅವರಿಗೆ ನಾನು ಹೇಳಿಕೊಡುವ ಕ್ರಮವನ್ನೇ ಇಲ್ಲಿ ಬರೆಯುತ್ತೇನೆ.

ಮೊದಲು ಪಟ್ಟಿಯನ್ನು ಓದಬೇಡಿ. ಅದನ್ನು ಬರೆದುಕೊಂಡವನು ಯಾರು, ಪದಗಳು ಅವನಿಗೆ ಹೇಗೆ ಸಿಕ್ಕವು ಎಂದು ನೋಡಿ. ನನ್ನ ಪಟ್ಟಿಯನ್ನು 1567ರಲ್ಲಿ ಅಚ್ಚು ಹಾಕಿಸಿದವನು ಥಾಮಸ್ ಹಾರ್ಮನ್, ಲಂಡನ್ನಿಗೆ ಹತ್ತಿರದ ಕೆಂಟ್ ಸೀಮೆಯ ಜಮೀನುದಾರ. ಮನೆ ಬಾಗಿಲಿಗೆ ಬಂದ ಭಿಕ್ಷುಕರನ್ನು ಸಿಹಿಮಾತಿನಿಂದ, ಹಣದಿಂದ, ಊಟದಿಂದ ಒಲಿಸಿಕೊಂಡೆ, ನಿಮ್ಮ ಹೆಸರನ್ನಾಗಲಿ ನೀವು ಹೇಳಿದ್ದನ್ನಾಗಲಿ ಹೊರಗೆ ಬಿಡುವುದಿಲ್ಲ ಎಂದು ಮಾತು ಕೊಟ್ಟೆ ಎಂದು ಅವನೇ ಬರೆದಿದ್ದಾನೆ. ಅದೇ ಪುಸ್ತಕದ ಕೊನೆಗೆ ಅವರ ಹೆಸರುಗಳ ಉದ್ದದ ಪಟ್ಟಿ ಇದೆ! ಮೂಕನಂತೆ ನಟಿಸುತ್ತಿದ್ದ ಒಬ್ಬನನ್ನು, ಜೊತೆಗಿದ್ದ ವೈದ್ಯನ ಸಹಾಯದಿಂದ ಮಣಿಕಟ್ಟು ಬಿಗಿದು ತೊಲೆಗೆ ನೇತುಹಾಕಿ ಬಾಯಿ ಬಿಡಿಸಿದ್ದನ್ನೂ ಹೇಳಿಕೊಂಡಿದ್ದಾನೆ. ಇಷ್ಟು ತಿಳಿದ ಮೇಲೆ ಪುಟ ತೆರೆಯಿರಿ.

ಈಗ ಒಂದು ನೋಟ್‌ಬುಕ್ ತೆಗೆದುಕೊಂಡು ಪದಗಳನ್ನು ಒಡೆಯಿರಿ. ಹಾರ್ಮನ್‌ನ ಪಟ್ಟಿಯಲ್ಲಿ ‘ಚೀಟ್’ ಎಂಬ ಪದ ಮತ್ತೆ ಮತ್ತೆ ಬರುತ್ತದೆ. ಇಲ್ಲಿ ಅದಕ್ಕೆ ಮೋಸ ಎಂಬ ಅರ್ಥವಿಲ್ಲ, ವಸ್ತು ಎಂದಷ್ಟೇ. ಕನ್ನಡದಲ್ಲಿ ‘ಸಾಮಾನು’ ಎಂದುಕೊಳ್ಳಿ, ಬೀಗ ತಾನಾಗಿ ತೆರೆಯುತ್ತದೆ. ಸ್ಮೆಲಿಂಗ್ ಚೀಟ್, ಮೂಸುವ ಸಾಮಾನು: ಮೂಗು. ಹಿಯರಿಂಗ್ ಚೀಟ್ಸ್, ಕೇಳುವ ಸಾಮಾನು: ಕಿವಿ. ಪ್ರ್ಯಾಟ್ಲಿಂಗ್ ಚೀಟ್, ವಟಗುಟ್ಟುವ ಸಾಮಾನು: ನಾಲಿಗೆ. ಗ್ರಂಟಿಂಗ್ ಚೀಟ್ ಹಂದಿ, ಬ್ಲೀಟಿಂಗ್ ಚೀಟ್ ಕುರಿ. ಪಟ್ಟಿಯನ್ನು ಇನ್ನಷ್ಟು ಕೆಳಗೆ ಓದಿದರೆ ಸ್ಮೆಲಿಂಗ್ ಚೀಟ್ ಎಂಬುದೇ ಮತ್ತೆ ಬರುತ್ತದೆ. ಆದರೆ ಅಲ್ಲಿ ಅದರ ಅರ್ಥ ತೋಟ. ಮೂಸುವುದೂ ಅದೇ, ಮೂಸಿಸಿಕೊಳ್ಳುವುದೂ ಅದೇ. ಹಾಗೆಯೇ ಕ್ರ್ಯಾಶಿಂಗ್ ಚೀಟ್ಸ್ ಎಂದರೆ ಹಲ್ಲು, ಹಲ್ಲಿಗೆ ಸಿಕ್ಕು ಕರುಂ ಎನ್ನುವ ಸೇಬು, ಪೇರುಗಳೂ ಹೌದು. ನಮ್ಮಜ್ಜಿ ಒಗಟು ಹೇಳಿದಾಗ ಆಗುತ್ತಿದ್ದ ಖುಷಿ ನನಗೆ ಇಲ್ಲಿ ಸಿಕ್ಕಿತು. ಓದುಬರಹವಿಲ್ಲದ ಜನ ಕಟ್ಟಿದ ಪದಗಳೆಂದು ಇವನ್ನು ಹಗುರವಾಗಿ ಕಾಣಬೇಡಿ.

ಇನ್ನೊಂದು ತುಂಡು ‘ಮನ್ಸ್’. ಲೈಟ್‌ಮನ್ಸ್ ಹಗಲು, ಡಾರ್ಕ್‌ಮನ್ಸ್ ರಾತ್ರಿ, ರಫ್‌ಮನ್ಸ್ ಪೊದೆ-ಕಾಡು, ಹಾರ್ಮನ್ಸ್ ಕಾಲು ಸಿಕ್ಕಿಸುವ ಮರದ ಕೋಳ. ಇನ್ನು ‘ಬೀನ್’ ಎಂದರೆ ಒಳ್ಳೆಯದು, ‘ಕ್ವಿಯರ್’ ಎಂದರೆ ಕೆಟ್ಟದ್ದು, ‘ಕೆನ್’ ಎಂದರೆ ಮನೆ. ಕ್ವಿಯರ್ ಕೆನ್, ಕೆಟ್ಟ ಮನೆ ಎಂದರೆ ಯಾವುದೆಂದು ಕೇಳಿದರೆ ನನ್ನ ವಿದ್ಯಾರ್ಥಿಗಳು ತಟ್ಟನೆ ಜೈಲು ಎನ್ನುತ್ತಿದ್ದರು. ಕ್ವಿಯರ್ ಕಫಿನ್, ಕೆಟ್ಟ ಮನುಷ್ಯ ಎಂದರೆ ಯಾರು? ಮ್ಯಾಜಿಸ್ಟ್ರೇಟ್. ಅಂಥ ಅಧಿಕಾರಿಗಳ ಸಾಲಿನಲ್ಲೇ ಕೂತಿದ್ದ ಹಾರ್ಮನ್ ಆ ಪದವನ್ನೂ ತನ್ನ ಕೈಯಾರೆ ಬರೆದುಕೊಂಡಿದ್ದಾನೆ.

ಮೂರನೆಯ ಕೆಲಸಕ್ಕೆ ಒಂದು ಸಂಜೆ ಬೇಕು, ಆದರೆ ಬಿಡಬೇಡಿ. ಹಾರ್ಮನ್ ತಲೆಯಿಂದ ಶುರುಮಾಡಿ ಕೆಳಗಿಳಿಯುತ್ತಾ ಬರೆದಿದ್ದಾನೆ. ನೀವು ಪುಟಕ್ಕೆ ಗೀಟು ಎಳೆದು ಪದಗಳನ್ನು ಬೇರೆ ಕಂಬಗಳಿಗೆ ಹಂಚಿ: ಊಟ, ಬಟ್ಟೆ, ಮಲಗುವ ಜಾಗ, ಶಿಕ್ಷೆ, ಕಳವು. ಊಟದ ಕಂಬ ಉದ್ದವಾಗುತ್ತಾ ಹೋಗುತ್ತದೆ. ಪ್ಯಾನಮ್ ರೊಟ್ಟಿ, ಕ್ಯಾಸನ್ ಗಿಣ್ಣು, ಯಾರಮ್ ಹಾಲು, ಲ್ಯಾಪ್ ಮಜ್ಜಿಗೆ, ಪಾಪ್ಲರ್ಸ್ ಗಂಜಿ. ಮಲಗುವುದಕ್ಕೆ ಹುಲ್ಲು, ಕೊಟ್ಟಿಗೆ, ಹಾಸಿಗೆ, ಒರಗುವ ಮನೆ, ಒಂದೊಂದಕ್ಕೂ ಒಂದೊಂದು ಪದ. ಶಿಕ್ಷೆಯ ಕಂಬದಲ್ಲಿ ಕೋಳ, ಬೇಡಿ, ಜೈಲು, ಗಲ್ಲು, ನೇಣಿಗೇರುವುದು, ಚಾಟಿಯೇಟು ತಿನ್ನುವುದು. 1531ರ ಕಾನೂನು ಮೈಗಟ್ಟಿಯಿರುವ ಅಲೆಮಾರಿಯನ್ನು ಬೆತ್ತಲೆ ಮಾಡಿ ಗಾಡಿಯ ಹಿಂದೆ ಕಟ್ಟಿ, ರಕ್ತ ಬರುವ ತನಕ ಬಾರಿಸಲು ಹೇಳಿತ್ತು. 1572ರದು ಕಾದ ಕಬ್ಬಿಣದಿಂದ ಬಲಗಿವಿ ಸುಡಲು ಹೇಳಿತು. ಕಳವಿನ ಕಂಬಕ್ಕೆ ಬರುವ ಪದಗಳು ಕೆಲವೇ: ಚೀಲ ಕತ್ತರಿಸುವುದು, ಮನೆ ದೋಚುವುದು, ಕದ್ದ ಮಾಲು ಕೊಳ್ಳುವ ಮನೆ, ಹೀಗೆ. ನಾನು ಮೊದಲ ಸಲ ಹಂಚಿದಾಗ ರಾತ್ರಿ ಊಟ ಸೇರಲಿಲ್ಲ. ಕಳ್ಳರ ಭಾಷೆ ಎಂದು ಹಿಡಿದುಕೊಂಡು ಕೂತಿದ್ದು ಹಸಿದವರ, ಚಳಿಗೆ ನಡುಗುವವರ, ಏಟಿಗೆ ಹೆದರುವವರ ಭಾಷೆಯಾಗಿತ್ತು.

ಪದದ ವಯಸ್ಸು ಹುಡುಕುವುದೂ ಇಲ್ಲೇ. ಪಟ್ಟಿಯಲ್ಲಿ ಕ್ರೈಸ್ತ ಸನ್ಯಾಸಿನಿಗೆ ‘ನೋಸ್‌ಜೆಂಟ್’ ಎಂಬ ಪದವಿದೆ. ಆದರೆ ಇಂಗ್ಲೆಂಡಿನ ಮಠಗಳನ್ನು ದೊರೆ ಎಂಟನೇ ಹೆನ್ರಿ 1536ರಿಂದ 1540ರ ಒಳಗೆ ಮುಚ್ಚಿಸಿಬಿಟ್ಟಿದ್ದ. ಸನ್ಯಾಸಿನಿಯರೇ ಕಾಣದ ಕಾಲದ ಪಟ್ಟಿಯಲ್ಲಿ ಅವರ ಹೆಸರು ಉಳಿದಿದೆ ಎಂದರೆ ಪದ ಹಳೆಯದೆಂದೇ ನನ್ನ ಲೆಕ್ಕ. ಆ ಮಠಗಳ ಬಾಗಿಲಲ್ಲಿ ಸಿಗುತ್ತಿದ್ದ ಭಿಕ್ಷೆಯೂ ಆಗಲೇ ನಿಂತಿತ್ತು. ಪ್ಯಾನಮ್, ಕ್ಯಾಸನ್ ಕೂಡ ರೊಟ್ಟಿ, ಗಿಣ್ಣಿನ ಲ್ಯಾಟಿನ್ ಹೆಸರುಗಳಿಗೆ ಹತ್ತಿರ.

ನಕಲಿನ ಬಗ್ಗೆ ಒಂದು ಮಾತು. ಲಂಡನ್ನಿನ ನಾಟಕಕಾರ ಥಾಮಸ್ ಡೆಕ್ಕರ್ 1608ರಲ್ಲಿ ಹಾರ್ಮನ್‌ನಿಂದ ಧಾರಾಳವಾಗಿ ಎತ್ತಿಕೊಂಡ. 1785ರ ಫ್ರಾನ್ಸಿಸ್ ಗ್ರೋಸ್‌ನ ನಿಘಂಟಿನಲ್ಲೂ ಡಾರ್ಕ್‌ಮನ್ಸ್ ಇದೆ. ಮೂರು ಪುಸ್ತಕದಲ್ಲಿ ಸಿಕ್ಕಿತೆಂದು ಮೂರು ಕಾಲದಲ್ಲೂ ಜನ ಆಡುತ್ತಿದ್ದರು ಎಂದು ಬರೆಯಬೇಡಿ.

ನಮ್ಮ ಕಡೆಯ ಪಟ್ಟಿಗಳಿಗೂ ಇದೇ ಕ್ರಮ, ಎಚ್ಚರ ಇನ್ನೂ ಹೆಚ್ಚು ಬೇಕು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಸ್ವಲ್ಪ ದಿನಕ್ಕೆ ಬೆಂಗಳೂರಿನ ಸುತ್ತ ಸುಮಾರು ನೂರು ಜನರನ್ನು ಫಾಸಿಗಾರರೆಂದು, ಅಂದರೆ ಕುಣಿಕೆ ಹಾಕಿ ಕೊಲ್ಲುವವರೆಂದು, ಹಿಡಿದರು. ಮದ್ರಾಸಿನ ವೈದ್ಯ ಷರ್ವುಡ್‌ನ ಬರಹದಲ್ಲಿ ಅವರಿಗೆ ಕನ್ನಡದಲ್ಲಿ ‘ತಂತಿ ಕಳ್ಳರು’ ಎನ್ನುತ್ತಾರೆಂದು ಇದೆ. ಮುಂದೆ ಸ್ಲೀಮನ್ ಎಂಬ ಬ್ರಿಟಿಷ್ ಅಧಿಕಾರಿ ಥಗ್ಗರ, ಅಂದರೆ ಇಂಥದೇ ದಾರಿಗಳ್ಳರ, ‘ರಮಾಸೀ’ ಎಂಬ ಗುಪ್ತಭಾಷೆಯ ದೊಡ್ಡ ಪಟ್ಟಿಯನ್ನು 1836ರಲ್ಲಿ ಕಲ್ಕತ್ತೆಯಲ್ಲಿ ಅಚ್ಚು ಹಾಕಿಸಿದ. ಅದರಲ್ಲಿ ದಾರಿಹೋಕನಿಗೆ ‘ಬನಿಜ್’, ಅಂದರೆ ಸರಕು. ನಮ್ಮ ಬಣಜಿಗನ ಹೆಸರಿಗೂ ಅದಕ್ಕೂ ಬೇರು ಒಂದೇ. ಹಾರ್ಮನ್‌ಗೆ ಮಾಡಿದಂತೆ ಇಲ್ಲೂ ಕೇಳಿ: ಪದ ಕೊಟ್ಟವರು ಯಾರು? ತಮ್ಮ ಕೊರಳು ಉಳಿಸಿಕೊಳ್ಳಲು ಸರ್ಕಾರದ ಸಾಕ್ಷಿಗಳಾದ ಕೈದಿಗಳು. ಮುಂದೆ 1871ರ ಕಾನೂನು ಇಡೀ ಸಮುದಾಯಗಳನ್ನೇ ಹುಟ್ಟುಗಳ್ಳರೆಂದು ದಾಖಲೆಗೆ ಸೇರಿಸಿತು. ಆಮೇಲೆ ಅಂಥ ಕುಟುಂಬಗಳನ್ನು ಬೇಲಿಯೊಳಗೆ ಇಟ್ಟ ಜಾಗಕ್ಕೆ ಹುಬ್ಬಳ್ಳಿಯಲ್ಲಿ ಇವತ್ತಿಗೂ ಸೆಟ್ಲಮೆಂಟ್ ಎನ್ನುತ್ತಾರೆ. ಅಲ್ಲಿಯವರ ಮನೆಮಾತಿನ ಪದ ಸಿಕ್ಕರೆ ‘ಕಳ್ಳರ ಭಾಷೆ’ ಎಂಬ ಕಂಬಕ್ಕೆ ಹಾಕಬೇಡಿ. ಅದು ತಾಯಿ ಮಗುವಿನ ಜೊತೆ ಆಡುವ ಭಾಷೆ.

ಬದುಕಿರುವವರಿಂದ ಪದ ಕೇಳಿ ಬರೆದುಕೊಳ್ಳುವುದಾದರೆ ಪ್ರತಿ ಪದದ ಪಕ್ಕ ಇನ್ನೊಂದು ಮನೆ ಬಿಡಿ: ಅಚ್ಚು ಹಾಕಲು ಒಪ್ಪಿದ್ದಾರೋ ಇಲ್ಲವೋ. ಅಪ್ಪ ತೀರಿಕೊಳ್ಳುವ ಹಿಂದಿನ ವರ್ಷ ಟವೆಲ್ಲು ಹೊದಿಸಿ ನನ್ನ ಬೆರಳು ಹಿಡಿದು ಪೂರ್ತಿ ಲೆಕ್ಕ ಕಲಿಸಿದರು. ಬರೆದಿಟ್ಟುಕೊಂಡಿದ್ದೇನೆ. ಅದೇ ಲೆಕ್ಕದಲ್ಲಿ ಸಂತೆ ಮಾಡುವವರು ಇನ್ನೂ ಇದ್ದಾರೆ, ಆ ಪುಟದಲ್ಲಿ ಕೊನೆಯ ಮನೆ ಖಾಲಿ ಇದೆ.