ಓದಿದ್ದು ತಲೆಗೆ ಹೋಗಿದೆಯಾ? ನೋಡಿಕೊಳ್ಳುವುದು ಹೀಗೆ

ತುಮಕೂರಿನಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸಂಜೆ ವಿಜ್ಞಾನ ಹೇಳಿಕೊಡುತ್ತೇನೆ. ಪರೀಕ್ಷೆ ಬರೆದು ಬಂದವರು ಹೇಳುವ ಮಾತು ಒಂದೇ: ‘ಎಲ್ಲಾ ಓದಿದ್ದೆ ಮಿಸ್, ಬರೆಯುವಾಗ ನೆನಪೇ ಆಗ್ಲಿಲ್ಲ.’ ಓದಿದ್ದು ಸುಳ್ಳಲ್ಲ. ತನಗೆ ಎಷ್ಟು ಗೊತ್ತಿದೆ ಅನ್ನೋ ಅಂದಾಜು ತಪ್ಪಿರುತ್ತದೆ, ಅಷ್ಟೇ. ತಲೆಯೊಳಗೆ ಏನು ನಡೆಯುತ್ತಿದೆ ಅಂತ ತಾನೇ ಗಮನಿಸಿ ಓದುವ ರೀತಿ ತಿದ್ದಿಕೊಳ್ಳುವುದಕ್ಕೆ ಮೆಟಾಕಾಗ್ನಿಷನ್ ಅನ್ನುತ್ತಾರೆ. 1970ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಫ್ಲಾವೆಲ್ ಈ ಹೆಸರನ್ನು ಬಳಕೆಗೆ ತಂದರು. ಇದನ್ನು ಯಾವ ಮಗು ಬೇಕಾದರೂ ರೂಢಿ ಮಾಡಿಕೊಳ್ಳಬಹುದು.

1. ಪಾಠದ ಹೆಸರು ನೋಡಿ, ಈಗಾಗಲೇ ಗೊತ್ತಿರುವುದನ್ನು ಎರಡು ಸಾಲು ಬರೆಯಿರಿ.

2. ನಿಧಾನವಾಗಿ ಒಂದು ಸಲ ಓದಿ. ಹೈಲೈಟರ್ ಬೇಡ. ಪುಟವೆಲ್ಲಾ ಹಳದಿಯಾದರೆ ಕೆಲಸ ಆಯ್ತು ಅನ್ನಿಸುತ್ತದೆ, ತಲೆಯಲ್ಲಿ ಏನೂ ಉಳಿದಿರುವುದಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಮಾರುವ ‘ಪಾಸಿಂಗ್ ಪ್ಯಾಕೇಜ್’ ನೋಟ್ಸೂ ಬೇಡ. ಅದರಲ್ಲಿ ಪ್ರಶ್ನೆಯ ಕೆಳಗೇ ಉತ್ತರ ಇರುತ್ತದೆ. ಯೋಚನೆ ಮಾಡೋಕೆ ಜಾಗವೇ ಇಲ್ಲ.

3. ಪುಸ್ತಕ ಮುಚ್ಚಿ, ಪಾಠದ ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಎಲ್ಲರೂ ಎಡವುವುದು ಇಲ್ಲೇ. ಓದಿದ ತಕ್ಷಣ ಮುಚ್ಚಿ ಒಪ್ಪಿಸಿದರೆ ಎಲ್ಲವೂ ಸಲೀಸಾಗಿ ಬರುತ್ತದೆ, ಏಕೆಂದರೆ ಕಣ್ಣಿಗೆ ಕಂಡಿದ್ದು ಇನ್ನೂ ಆರಿರುವುದಿಲ್ಲ. ಒಂದೆರಡು ಗಂಟೆ ಬಿಡಿ. ಗುಬ್ಬಿ, ಕುಣಿಗಲ್ ಕಡೆಯಿಂದ ಓಡಾಡುವ ಮಕ್ಕಳು ಬೆಳಿಗ್ಗೆ ಮನೆಯಲ್ಲಿ ಓದಿ, ಬಸ್ಸಿಳಿದು ಶಾಲೆಯಲ್ಲಿ ಬರೆಯಬಹುದು. ಮನಸ್ಸಿನಲ್ಲೇ ಹೇಳಿಕೊಳ್ಳುವುದು ಲೆಕ್ಕಕ್ಕಿಲ್ಲ. ರಫ್ ಹಾಳೆ, ಪೆನ್ಸಿಲ್ಲೇ ಆಗಬೇಕು.

ಬರೆಯುವ ಮೊದಲು ಪ್ರತಿ ಪ್ರಶ್ನೆಯ ಪಕ್ಕ, ಇದಕ್ಕೆ ಮೂರಕ್ಕೆ ಎಷ್ಟು ಅಂಕ ಬರುತ್ತದೆ ಅಂತ ಅಂದಾಜು ಹಾಕಿ. ಬರೆದ ಮೇಲೆ ಪ್ರತಿ ಉತ್ತರಕ್ಕೂ ‘ಯಾಕೆ?’ ಅಂತ ಕೇಳಿಕೊಳ್ಳಿ. ನಿಮ್ನ ದರ್ಪಣದ (ಒಳಕ್ಕೆ ಬಾಗಿದ ಕನ್ನಡಿ) ಪಾಠವನ್ನೇ ತೆಗೆದುಕೊಳ್ಳಿ. ವಸ್ತು ಧ್ರುವಕ್ಕೂ (ಕನ್ನಡಿಯ ನಡುಬಿಂದು) ಸಂಗಮಕ್ಕೂ (ಕನ್ನಡಿಯ ಅಕ್ಷಕ್ಕೆ ಸಮಾಂತರವಾಗಿ ಬಂದ ಕಿರಣಗಳು ಪ್ರತಿಫಲಿಸಿ ಸೇರುವ ಬಿಂದು) ನಡುವೆ ಇದ್ದರೆ ಪ್ರತಿಬಿಂಬ ಮಿಥ್ಯ, ನೇರ, ದೊಡ್ಡದು ಅಂತ ಮಕ್ಕಳು ಪಟಪಟ ಹೇಳುತ್ತಾರೆ. ಯಾಕೆ ಮಿಥ್ಯ ಅಂದರೆ ಪೆನ್ಸಿಲ್ ನಿಲ್ಲುತ್ತದೆ. ಪ್ರತಿಫಲಿಸಿದ ಕಿರಣಗಳು ಮುಂದೆ ಸೇರುವುದೇ ಇಲ್ಲ, ಹಿಂದಕ್ಕೆ ಗೆರೆ ಎಳೆದರೆ ದರ್ಪಣದ ಆಚೆ ಸೇರಿದಂತೆ ಕಾಣುತ್ತವೆ. ಈ ಚಿತ್ರ ಬಿಡಿಸಲು ಆಗದಿದ್ದರೆ ಮೇಲಿನ ಉತ್ತರ ಬರೀ ಬಾಯಿಪಾಠ. ಪೆನ್ಸಿಲ್ ನಿಂತ ಆ ಜಾಗಕ್ಕೆ ಗುರುತು ಹಾಕಿ. ನಿಮಗೆ ನಿಜವಾಗಿ ಬೇಕಾಗಿದ್ದು ಅದೇ.

ಟೈಮ್ ವೇಸ್ಟ್, ಅಷ್ಟರಲ್ಲಿ ಇನ್ನೊಂದ್ಸಲ ಓದಬಹುದಲ್ವಾ ಅಂತ ಅಪ್ಪ ಅಮ್ಮಂದಿರೇ ಕೇಳುತ್ತಾರೆ. 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ ಇದನ್ನೇ ಪರೀಕ್ಷಿಸಿದರು. ಒಂದು ಗುಂಪು ಪಾಠವನ್ನು ನಾಲ್ಕು ಸುತ್ತು ಓದಿತು. ಇನ್ನೊಂದು ಗುಂಪು ಒಂದು ಸುತ್ತು ಓದಿ, ಮೂರು ಸಲ ನೋಡದೆ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದಿದ್ದರು. ವಾರದ ನಂತರ ಓದಿದವರಿಗೆ ಸುಮಾರು 40% ನೆನಪಿತ್ತು, ಬರೆದವರಿಗೆ ಸುಮಾರು 61%. ನೆನಪಿರುತ್ತದೆ ಅನ್ನೋ ಧೈರ್ಯ ಮಾತ್ರ ಬರೀ ಓದಿದವರಿಗೇ ಜಾಸ್ತಿ ಇತ್ತು!

4. ಪಠ್ಯಪುಸ್ತಕ ತೆರೆದು ನೀವೇ ಅಂಕ ಕೊಡಿ. ಕೈ ಬಿಗಿ ಇರಲಿ. ಅಂದಾಜು ಮೂರು, ಸಿಕ್ಕಿದ್ದು ಒಂದು ಅಂತಾದರೆ, ಆ ಪಾಠ ಗೊತ್ತಿದೆ ಅನ್ನೋ ಭಾವನೆಯನ್ನು ಸದ್ಯಕ್ಕೆ ನಂಬಬೇಡಿ.

5. ಗುರುತು ಹಾಕಿದ್ದನ್ನಷ್ಟೇ ಮಾರನೇ ದಿನ ಓದಿ, ಮತ್ತೆ ನೋಡದೆ ಬರೆಯಿರಿ. ಸರಿ ಬಂದಿದ್ದನ್ನು ವಾರ ಬಿಟ್ಟು ಒಮ್ಮೆ ಕೇಳಿಕೊಂಡರೆ ಸಾಕು.