ಟ್ರಯಲ್ ಅವಧಿ ಬೇಗ ಮುಗಿಯಿತೇ? ಬಿಲ್ಲೆ ಬ್ಯಾಟರಿ ನೋಡಿ

ತೋಟದ ಲೆಕ್ಕಕ್ಕೋ ಹೋಂಸ್ಟೇ ಬಿಲ್ಲಿಗೋ 30 ದಿನದ ಟ್ರಯಲ್ ಸಾಫ್ಟ್‌ವೇರ್ ಹಾಕಿಕೊಂಡಿರುತ್ತೀರಿ. ಭಾಗಮಂಡಲದ ಕಡೆ ಮಳೆ ಹಿಡಿದು ನಾಲ್ಕು ದಿನ ಕರೆಂಟಿಲ್ಲ. ಬಂದ ಮೇಲೆ ಕಂಪ್ಯೂಟರ್ ಆನ್ ಮಾಡಿದರೆ ‘ಅವಧಿ ಮುಗಿದಿದೆ’! ಬಳಸಿದ್ದು ಹತ್ತೇ ದಿನ.

ಮೊದಲ ಸಲ ತೆರೆದಾಗಲೇ ಸಾಫ್ಟ್‌ವೇರ್ ಆ ದಿನದ ತಾರೀಖನ್ನು ಗೂಢಲಿಪಿಯಲ್ಲಿ ಬರೆದಿಡುತ್ತದೆ. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ರಿಜಿಸ್ಟ್ರಿಯಲ್ಲೊಂದು (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಜಾಗ) ಪ್ರತಿ, ಅಡಗಿದ ‘ಪ್ರೋಗ್ರಾಂಡೇಟಾ’ ಫೋಲ್ಡರಿನಲ್ಲಿ ಇನ್ನೊಂದು. ಅನ್‌ಇನ್‌ಸ್ಟಾಲ್ ಮಾಡಿದರೂ ಇವು ಉಳಿಯುವುದರಿಂದ ಮತ್ತೆ ಹಾಕಿದಾಗ ಹಳೆಯ ಲೆಕ್ಕವೇ ಮುಂದುವರಿಯುತ್ತದೆ. ಇದರ ಜೊತೆಗೆ ‘ಕೊನೆಗೆ ಕಂಡ ತಾರೀಖು’ ಕೂಡ ದಾಖಲಾಗುತ್ತದೆ. ಇವತ್ತಿನ ತಾರೀಖು ಅದಕ್ಕಿಂತ ಹಿಂದಿದ್ದರೆ, ಯಾರೋ ಗಡಿಯಾರ ತಿರುಗಿಸಿದ್ದಾರೆಂದು ಬೀಗ ಬೀಳುತ್ತದೆ. ಕೆಲವು ತಂತ್ರಾಂಶಗಳು ಲೆಕ್ಕವನ್ನು ಕಂಪನಿಯ ಸರ್ವರಿನಲ್ಲೇ ಇಡುತ್ತವೆ.

ಈಗ ಬ್ಯಾಟರಿಯ ವಿಷಯ. ಕರೆಂಟ್ ಇರುವವರೆಗೆ ಡೆಸ್ಕ್‌ಟಾಪ್ ಗಡಿಯಾರ ಕರೆಂಟಿನಿಂದಲೇ ಓಡುತ್ತದೆ. ಇಲ್ಲದಾಗ ಮದರ್‌ಬೋರ್ಡಿನ ಸಿಆರ್2032 ಬಿಲ್ಲೆ ಬ್ಯಾಟರಿಯೇ ಗತಿ. (20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ, ಹೆಸರಿನಲ್ಲೇ ಅಳತೆಯಿದೆ.) ಅದು ಸತ್ತಿದ್ದರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಜಿಗಿಯುತ್ತದೆ, ನೀವೇ ಗಡಿಯಾರ ತಿರುಗಿಸಿದಿರೆಂದು ಸಾಫ್ಟ್‌ವೇರ್ ಬೀಗ ಹಾಕುತ್ತದೆ. ಬ್ರೌಸರಿನಲ್ಲಿ ಎಲ್ಲ ಸೈಟುಗಳೂ ‘ಸುರಕ್ಷಿತವಲ್ಲ’ ಎನ್ನತೊಡಗಿದರೆ ಇದೇ ಕಾರಣವಿರಬಹುದು.

ಬಿಲ್ಲೆ ಬದಲಿಸಲು ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಲೋಹದ ಕ್ಯಾಬಿನೆಟ್ ಮುಟ್ಟಿ ಮೈಯ ಸ್ಥಿರವಿದ್ಯುತ್ ಕಳೆದುಕೊಳ್ಳಿ. ಬಿಲ್ಲೆಯನ್ನು ಹಿಡಿದಿರುವ ಕೊಕ್ಕೆಯನ್ನು ಮೆಲ್ಲಗೆ ಸರಿಸಿದರೆ ಅದು ಮೇಲೇಳುತ್ತದೆ. ಹೊಸದನ್ನು ಪ್ಲಸ್ ಗುರುತು ಕಾಣುವಂತೆ ಕೂರಿಸಿ. ಮೊದಲು ಬಯೋಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ತೆರೆಯುವ ಸೆಟ್ಟಿಂಗ್ ಪರದೆ) ತಾರೀಖು ಸರಿಪಡಿಸಿ, ಆಮೇಲೆ ವಿಂಡೋಸ್ ತೆರೆದು ಸಮಯವನ್ನು ಇಂಟರ್‌ನೆಟ್‌ನಿಂದ ಹೊಂದಿಸಿ. ಸಾಫ್ಟ್‌ವೇರ್ ತೆರೆಯುವುದು ಇಷ್ಟೆಲ್ಲ ಆದ ಮೇಲೆಯೇ. ಅವಸರದಲ್ಲಿ ಮುಂದಿನ ವರ್ಷದ ತಾರೀಖು ಕೊಟ್ಟು ತೆರೆದುಬಿಟ್ಟರೆ ಅದೇ ‘ಕೊನೆಗೆ ಕಂಡ ತಾರೀಖು’ ಆಗಿ ಕೂರುತ್ತದೆ. ಮತ್ತೆ ಸರಿಪಡಿಸಿದರೂ ಬೀಗ ತೆರೆಯದೆ ಹೋಗಬಹುದು. ಆಗ ರಿಜಿಸ್ಟ್ರಿ ಕೆದಕಬೇಡಿ, ಕಂಪನಿಗೆ ಬರೆದು ಅವಧಿ ವಿಸ್ತರಿಸಲು ಕೇಳಿ.

ಇನ್ನೊಂದು ಮಾತು: ತೋಟದ ಲೆಕ್ಕದ ಟ್ರಯಲ್ಲನ್ನು ಜೂನ್‌ನಲ್ಲಿ ಶುರುಮಾಡಿ ಪ್ರಯೋಜನವಿಲ್ಲ. ಕಾಫಿ ಕೊಯ್ಲಿನ ತೂಕ, ಕೂಲಿ ಲೆಕ್ಕ ಬರುವಾಗಲೇ ಅದರ ಯೋಗ್ಯತೆ ಗೊತ್ತಾಗುವುದು. ಅವಧಿ ಮುಗಿಯಲು ಮೂರು ದಿನ ಇರುವಾಗಲೇ ಎಲ್ಲವನ್ನೂ ಎಕ್ಸೆಲ್‌ಗೆ ಇಳಿಸಿಕೊಳ್ಳಿ. ಬೀಗ ಬಿದ್ದ ಮೇಲೆ ಹಲವು ತಂತ್ರಾಂಶಗಳಲ್ಲಿ ಆ ಬಟನ್ನೂ ಕೆಲಸ ಮಾಡುವುದಿಲ್ಲ.